ಹಳೆಯ ಲ್ಯಾಪ್‌ಟಾಪಿಗೆ ಹೊಸ ಮೆಮೊರಿ: ಮನೆಯಲ್ಲೇ ಆಗುವ ಕೆಲಸ



ಉಕ್ಕಡಗಾತ್ರಿ ಎಂದ ಕೂಡಲೇ ನಾಡಿನ ಜನರಿಗೆ ನೆನಪಾಗುವುದು ತುಂಗಭದ್ರೆಯ ದಂಡೆ, ಅಲ್ಲಿನ ಕರಿಬಸವೇಶ್ವರ ಅಜ್ಜಯ್ಯನ ಗದ್ದುಗೆ. ಅಮಾವಾಸ್ಯೆ ಬಂತೆಂದರೆ ಎಲ್ಲೆಲ್ಲಿಂದಲೋ ಭಕ್ತರು ಬಂದಿಳಿಯುತ್ತಾರೆ. ಅಮಾವಾಸ್ಯೆ, ಜಾತ್ರೆಗಳ ಸಂದಣಿ ಕಳೆದ ಮೇಲೆ ನೋಡಿದರೆ ಅದು ಹರಿಹರ ತಾಲ್ಲೂಕಿನ ಬೇರೆ ಊರುಗಳ ಹಾಗೆಯೇ ಹೊಲಗದ್ದೆ ನಂಬಿದ ಊರು, ಮಕ್ಕಳನ್ನು ಓದಿಗೆಂದು ಹರಿಹರಕ್ಕೋ ದಾವಣಗೆರೆಗೋ ಕಳಿಸುವ ಊರು. ಮಳೆಗಾಲದಲ್ಲಿ ಹೊಳೆ ಮೈದುಂಬಿದರೆ ಫತ್ತೇಪುರದ ಕಡೆಯ ರಸ್ತೆ ನೀರಿನಲ್ಲಿ ಮುಳುಗುತ್ತದೆ, ಜನ ಸುತ್ತುಬಳಸಿ ಓಡಾಡಬೇಕಾಗುತ್ತದೆ. ಇಂಥ ಊರಿನ ಮನೆಯಲ್ಲಿ ಒಂದು ಸಣ್ಣ ಲ್ಯಾಪ್‌ಟಾಪ್ ಇದ್ದರೆ ಅದರ ಮೇಲೆ ಬೀಳುವ ಕೆಲಸ ಒಂದೆರಡಲ್ಲ. ಪದವಿ ಓದುವ ಮಗಳ ಪ್ರಾಜೆಕ್ಟು, ವಿದ್ಯಾರ್ಥಿವೇತನದ ಅರ್ಜಿ, ಹೊಲದ ಪಹಣಿ, ಸ್ಪರ್ಧಾತ್ಮಕ ಪರೀಕ್ಷೆಯ ಪಾಠ, ಎಲ್ಲವೂ ಅದರಲ್ಲೇ ಆಗಬೇಕು. ಕೊಂಡ ನಾಲ್ಕೈದು ವರ್ಷಕ್ಕೆ ಅದು ಬಳಲತೊಡಗುತ್ತದೆ. ಒಂದು ಪುಟ ತೆರೆಯಲು ನಿಮಿಷಗಟ್ಟಲೆ ಕಾಯಿಸುತ್ತದೆ. ಆಗ ಎಲ್ಲರ ಬಾಯಲ್ಲೂ ಒಂದೇ ಮಾತು: ಇದು ಹಳೇದಾಯ್ತು, ಹೊಸದು ತಗೊಳ್ಳಿ. ಆ ಮಾತಿಗೆ ಒಪ್ಪುವ ಮೊದಲು ಯಂತ್ರದ ಕೆಳಮುಚ್ಚಳ ತೆರೆದು, ಮೆಮೊರಿ ಹೆಚ್ಚಿಸಲು ಬರುತ್ತದೆಯೇ ಎಂದು ನೋಡಬೇಕು. ಬರುವುದಾದರೆ ಆ ಕೆಲಸವನ್ನು ಮನೆಯಲ್ಲೇ ಮಾಡಿಕೊಳ್ಳಬೇಕು. ಬರುವುದಿಲ್ಲವಾದರೆ, ಬಾರದಂತೆ ಮಾಡಿದವರನ್ನು ಕೊಳ್ಳುವವರಾದ ನಾವು ಪ್ರಶ್ನಿಸಬೇಕು. ಈ ಹೊತ್ತು ನಾನು ಹೇಳಹೊರಟಿರುವುದು ಇಷ್ಟು.

ಮೊದಲು ಲ್ಯಾಪ್‌ಟಾಪ್ ಯಾಕೆ ನಿಧಾನವಾಗುತ್ತದೆ ಎಂಬುದನ್ನು ನೋಡೋಣ. ಕಂಪ್ಯೂಟರಿನಲ್ಲಿ ಮಾಹಿತಿ ಇರುವ ಜಾಗ ಎರಡು. ಫೋಟೊ, ಕಡತ, ತಂತ್ರಾಂಶಗಳೆಲ್ಲ ಕಾಯಂ ಆಗಿ ಉಳಿಯುವುದು ಹಾರ್ಡ್ ಡಿಸ್ಕಿನಲ್ಲಿ ಅಥವಾ ಎಸ್‌ಎಸ್‌ಡಿಯಲ್ಲಿ. ಈ ಗಳಿಗೆಯಲ್ಲಿ ನಡೆಯುತ್ತಿರುವ ಕೆಲಸಕ್ಕೆ ಬೇಕಾದದ್ದು ಮಾತ್ರ ಬಂದು ಕೂರುವುದು ಮೆಮೊರಿಯಲ್ಲಿ, ಅಂದರೆ ನಾವು ರ‍್ಯಾಮ್ ಎಂದು ಕರೆಯುವ ಚಿಪ್ಪುಗಳಲ್ಲಿ. ಐಬಿಎಂ ಕಂಪನಿಯ ರಾಬರ್ಟ್ ಡೆನ್ನಾರ್ಡ್ ಅವರಿಗೆ 1968ರಲ್ಲಿ ಪೇಟೆಂಟ್ ತಂದುಕೊಟ್ಟ ವಿಧಾನವೇ ಇವತ್ತಿಗೂ ಈ ಚಿಪ್ಪುಗಳ ಮೂಲ. ಒಂದು ಟ್ರಾನ್ಸಿಸ್ಟರ್, ಅದರ ಜೊತೆಗೆ ವಿದ್ಯುತ್ತಿನ ಚಾರ್ಜನ್ನು ಹಿಡಿದಿಡುವ ಒಂದು ಕೆಪಾಸಿಟರ್, ಇವೆರಡು ಸೇರಿದರೆ ಒಂದು ಬಿಟ್. ಆ ಚಾರ್ಜ್ ಸೋರಿಹೋಗುವುದರಿಂದ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಅದನ್ನು ಮತ್ತೆ ತುಂಬುತ್ತಲೇ ಇರಬೇಕು. ಕರೆಂಟು ನಿಂತರೆ ಅಲ್ಲಿದ್ದದ್ದೆಲ್ಲ ಅಳಿದುಹೋಗುತ್ತದೆ. ಹಾಗಿದ್ದೂ ಅದನ್ನೇ ಬಳಸುವುದು ಅದರ ವೇಗಕ್ಕಾಗಿ. ಮೆಮೊರಿಯಿಂದ ಮಾಹಿತಿ ತರಲು ಸುಮಾರು 100 ನ್ಯಾನೋಸೆಕೆಂಡ್ ಸಾಕು. ತಿರುಗುವ ಹಾರ್ಡ್ ಡಿಸ್ಕಿನಿಂದ ತರಲು ಸುಮಾರು 10 ಮಿಲಿಸೆಕೆಂಡ್ ಬೇಕು. ಲೆಕ್ಕ ಹಾಕಿದರೆ ಇದು ಲಕ್ಷ ಪಟ್ಟಿನ ಅಂತರ. ಮೆಮೊರಿ ತುಂಬಿ ಜಾಗ ಸಾಲದೆ ಹೋದಾಗ ಯಂತ್ರ ಕೆಲಸ ನಿಲ್ಲಿಸುವುದಿಲ್ಲ, ಉಕ್ಕಿದ ಮಾಹಿತಿಯನ್ನು ಡಿಸ್ಕಿಗೆ ಒಯ್ದಿಟ್ಟು ಬೇಕಾದಾಗ ಮರಳಿ ತರುತ್ತದೆ. ಲಕ್ಷ ಪಟ್ಟು ನಿಧಾನದ ಆ ಹೋಗಿಬರುವ ದಾರಿಯಲ್ಲೇ ನಮ್ಮ ನಿಮಿಷಗಳು ಕಳೆದುಹೋಗುತ್ತವೆ. ಅಂದಮೇಲೆ ನಾಲ್ಕು ವರ್ಷದ ಹಿಂದೆ ಚೆನ್ನಾಗಿದ್ದ ಪ್ರೊಸೆಸರ್ ಈಗ ಮುದಿಯಾಗಿದೆ ಎಂದುಕೊಳ್ಳಬೇಕಿಲ್ಲ. ಅದು ಅಂದಿನಷ್ಟೇ ಚುರುಕಾಗಿದೆ. ಬೆಳೆದದ್ದು ಜಾಲತಾಣಗಳ ಮತ್ತು ತಂತ್ರಾಂಶಗಳ ಹಸಿವು. 4 ಜಿಬಿ ಮೆಮೊರಿಯಲ್ಲಿ ವಿಂಡೋಸ್ ತನ್ನ ಪಾಲನ್ನು ತೆಗೆದುಕೊಂಡ ಮೇಲೆ, ಬ್ರೌಸರಿನಲ್ಲಿ ಹತ್ತು ಪುಟ ತೆರೆದಿಟ್ಟು ಜೊತೆಗೊಂದು ವಿಡಿಯೊ ಪಾಠ ನಡೆಸಲು ಜಾಗ ಉಳಿಯುವುದಿಲ್ಲ.

ಸಣ್ಣ ಲ್ಯಾಪ್‌ಟಾಪುಗಳಿಗೆ ಈ ಕೊರತೆ ಹುಟ್ಟಿನಿಂದಲೇ ಬಂದದ್ದು. ತೈವಾನಿನ ಆಸುಸ್ ಕಂಪನಿ 2007ರಲ್ಲಿ ಏಳಿಂಚು ಪರದೆಯ ‘ಈ ಪಿಸಿ’ (Eee PC) ಎಂಬ ಲ್ಯಾಪ್‌ಟಾಪನ್ನು ಪೇಟೆಗೆ ತಂದಾಗ ಅದರ ಮೊದಲ ಮಾದರಿಯಲ್ಲಿದ್ದದ್ದು 512 ಎಂಬಿ ಮೆಮೊರಿ. ಬೆಲೆ ಇಳಿಸಲು ಅದು ಬೇಕಿತ್ತು, ಒಪ್ಪೋಣ. ಆದರೆ ಆಮೇಲೆ ಬಂದ ಮಿತಿಗಳೆಲ್ಲ ತಂತ್ರಜ್ಞಾನ ವಿಧಿಸಿದವಲ್ಲ. 2009ರಲ್ಲಿ ಬಂದ ವಿಂಡೋಸ್ 7 ಸ್ಟಾರ್ಟರ್ ಎಂಬ ಅಗ್ಗದ ಆವೃತ್ತಿ 2 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸುತ್ತಲೇ ಇರಲಿಲ್ಲ. ಅದೇ ಯಂತ್ರಕ್ಕೆ ಬೇರೆ ಆವೃತ್ತಿ ಹಾಕಿದರೆ ಮಿತಿ ಮೇಲೇರುತ್ತಿತ್ತು. 32 ಬಿಟ್ ವಿಂಡೋಸ್ ಹಾಕಿದ ಎಷ್ಟೋ ಯಂತ್ರಗಳು 4 ಜಿಬಿಯ ಗೆರೆ ದಾಟಲಾರದೆ ನಿಂತವು, ಅವುಗಳ ಪ್ರೊಸೆಸರ್ 64 ಬಿಟ್ಟಿನದೇ ಆಗಿದ್ದರೂ ಸಹ. ಈಚಿನ ವರ್ಷಗಳ ಅಗ್ಗದ ಲ್ಯಾಪ್‌ಟಾಪುಗಳನ್ನೇ ನೋಡಿ. ಅವುಗಳಲ್ಲಿ ಸಾಮಾನ್ಯವಾಗಿ ಕಾಣುವ ಇಂಟೆಲ್ ಸೆಲೆರಾನ್ ಎನ್4020 ಪ್ರೊಸೆಸರ್ 8 ಜಿಬಿಯವರೆಗೆ ಮೆಮೊರಿ ಹೊರಬಲ್ಲದು ಎಂದು ಕಂಪನಿಯೇ ಪ್ರಕಟಿಸಿದೆ. ಮಾರಾಟಕ್ಕೆ ಬಂದದ್ದು ಮಾತ್ರ ಹೆಚ್ಚಾಗಿ 4 ಜಿಬಿಯ ಜೊತೆ. ಅಂದರೆ ಯಂತ್ರದ ಅರ್ಧ ಸಾಮರ್ಥ್ಯವನ್ನು ನಾವು ಬಳಸದೆಯೇ ಗುಜರಿಗೆ ಹಾಕುತ್ತಿದ್ದೇವೆ. ಕೊಂಡ ದಿನ ಸಿಗದೆ ಹೋದ ಆ ಅರ್ಧವನ್ನು ಪಡೆಯುವ ದಾರಿಯೇ ಮೆಮೊರಿ ಹೆಚ್ಚಿಸುವುದು.

ನಿಮ್ಮ ಯಂತ್ರದಲ್ಲಿ ಇದು ಸಾಧ್ಯವೇ ಎಂದು ತಿಳಿಯಲು ಸ್ಕ್ರೂಡ್ರೈವರ್ ಹಿಡಿಯುವ ಮೊದಲೇ ದಾರಿಯಿದೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಕೀಲಿಗಳನ್ನು ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಪರ್ಫಾರ್ಮೆನ್ಸ್ ಎಂಬಲ್ಲಿಗೆ ಹೋಗಿ ಮೆಮೊರಿಯ ಮೇಲೆ ಒತ್ತಿದರೆ ಮೂರು ಸಂಗತಿ ಕಾಣುತ್ತವೆ. ಈಗ ಎಷ್ಟು ಮೆಮೊರಿ ತುಂಬಿದೆ, ಎಷ್ಟು ಸ್ಲಾಟುಗಳಲ್ಲಿ ಎಷ್ಟು ಬಳಕೆಯಾಗಿವೆ, ಮೆಮೊರಿ ಯಾವ ರೂಪದ್ದು. ದಿನದ ಕೆಲಸದ ನಡುವೆ ನೋಡಿದಾಗ ಮೆಮೊರಿ ಶೇಕಡಾ 85, 90ರ ಮೇಲೆಯೇ ನಿಂತಿದ್ದರೆ ರೋಗ ಇದೇ ಎಂದು ಧೈರ್ಯವಾಗಿ ಹೇಳಬಹುದು. ಅರ್ಧವೂ ತುಂಬಿಲ್ಲವಾದರೆ ಮೆಮೊರಿ ಹಾಕಿ ಫಲವಿಲ್ಲ, ಕಾರಣ ಬೇರೆಲ್ಲೋ ಇದೆ. ರೂಪದ ಎದುರು ಎಸ್‌ಒಡಿಐಎಂಎಂ ಎಂದಿದ್ದರೆ ಅದು ತೆಗೆದು ಹಾಕಲು ಬರುವ ಪಟ್ಟಿ. ರೋ ಆಫ್ ಚಿಪ್ಸ್ ಎಂದಿದ್ದರೆ ಚಿಪ್ಪುಗಳನ್ನು ಮದರ್‌ಬೋರ್ಡಿಗೇ ಬೆಸೆದಿದ್ದಾರೆ ಎಂದರ್ಥ. ಕೆಲವು ಮಾದರಿಗಳಲ್ಲಿ ಅಷ್ಟಿಷ್ಟು ಬೆಸೆದು ಪಕ್ಕದಲ್ಲೊಂದು ಸ್ಲಾಟ್ ಖಾಲಿ ಬಿಟ್ಟಿರುವುದೂ ಉಂಟು. ಇನ್ನು ಮೆಮೊರಿಯ ತಳಿ, ಅಂದರೆ ಅದರ ಪೀಳಿಗೆ. ಲ್ಯಾಪ್‌ಟಾಪಿನ ಡಿಡಿಆರ್3 ಪಟ್ಟಿಗೆ 204 ಪಿನ್ನು, ಡಿಡಿಆರ್4ಕ್ಕೆ 260, ಡಿಡಿಆರ್5ಕ್ಕೆ 262. ಒಂದರ ಜಾಗದಲ್ಲಿ ಇನ್ನೊಂದು ಕೂರದಂತೆ ಪಟ್ಟಿಯ ಅಂಚಿನ ಕಚ್ಚನ್ನು ಬೇರೆ ಬೇರೆ ಕಡೆ ಕೊಟ್ಟಿದ್ದಾರೆ. ವೋಲ್ಟೇಜೂ ಬೇರೆ. ಡಿಡಿಆರ್3ಕ್ಕೆ 1.5, ಅದರದೇ ಮಿತವ್ಯಯದ ರೂಪವಾದ ಡಿಡಿಆರ್3ಎಲ್‌ಗೆ 1.35, ಡಿಡಿಆರ್4ಕ್ಕೆ 1.2 ವೋಲ್ಟ್. ಡಿಡಿಆರ್3 ಮತ್ತು ಡಿಡಿಆರ್3ಎಲ್ ಎರಡರ ಕಚ್ಚೂ ಒಂದೇ ಕಡೆ ಇರುವುದರಿಂದ ಕೊಳ್ಳುವಾಗ ಎಚ್ಚರ ಬೇಕಾದದ್ದು ಅಲ್ಲಿ. ಹಳೆಯ ಪಟ್ಟಿಯ ಮೇಲಿನ ಚೀಟಿಯನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಅಂಗಡಿಯಲ್ಲಿ ತೋರಿಸಿದರೆ ತಪ್ಪಾಗುವ ಸಂಭವ ತೀರ ಕಡಿಮೆ.

ಕೆಲಸ ಶುರು ಮಾಡುವಾಗ ಮೊದಲಿಗೆ ಬೇಕಾದದ್ದು ತಾಳ್ಮೆ. ಲ್ಯಾಪ್‌ಟಾಪನ್ನು ಪೂರ್ತಿ ಶಟ್‌ಡೌನ್ ಮಾಡಬೇಕು, ನಿದ್ದೆಯ ಸ್ಥಿತಿಯಲ್ಲಿ ಬಿಟ್ಟರೆ ಸಾಲದು. ಚಾರ್ಜರ್ ತೆಗೆಯಬೇಕು, ಬ್ಯಾಟರಿ ಕಳಚಲು ಬರುವುದಾದರೆ ಅದನ್ನೂ ತೆಗೆಯಬೇಕು. ಆಮೇಲೆ ಪವರ್ ಬಟನ್ನನ್ನು ಹತ್ತು ಹದಿನೈದು ಸೆಕೆಂಡ್ ಒತ್ತಿ ಹಿಡಿದರೆ ಒಳಗೆ ಉಳಿದ ವಿದ್ಯುತ್ತೂ ಹರಿದುಹೋಗುತ್ತದೆ. ನಮ್ಮ ಮೈಯಲ್ಲಿ ಸೇರಿರುವ ಸ್ಥಿರ ವಿದ್ಯುತ್ತು ಚಿಪ್ಪಿಗೆ ಅಪಾಯ. ಬೇಸಿಗೆಯ ಒಣಹವೆಯಲ್ಲಿ ಅದು ಹೆಚ್ಚು. ಅದಕ್ಕೆ ಲೋಹದ ನಲ್ಲಿಯನ್ನು ಮುಟ್ಟಿ ಬಂದು ಕೂರಬೇಕು, ಕಂಬಳಿ ಹಾಸಿದ ಮಂಚ ಬಿಟ್ಟು ಮರದ ಮೇಜು ಹಿಡಿಯಬೇಕು. ಸಣ್ಣ ಸ್ಟಾರ್ ಸ್ಕ್ರೂಡ್ರೈವರಿನಿಂದ ತಿರುಪುಗಳನ್ನು ಬಿಚ್ಚಿ, ಯಾವುದು ಎಲ್ಲಿಯದು ಎಂದು ಬರೆದ ಹಾಳೆಯ ಮೇಲೆ ಅದೇ ಕ್ರಮದಲ್ಲಿ ಇಡಬೇಕು. ಉದ್ದದ ತಿರುಪನ್ನು ಗಿಡ್ಡದರ ಜಾಗಕ್ಕೆ ಹಾಕಿದರೆ ಅದು ಬೋರ್ಡಿಗೆ ಚುಚ್ಚೀತು. ಮುಚ್ಚಳ ಬಿಗಿಯಾಗಿದ್ದರೆ ಹಳೆಯ ಪ್ಲಾಸ್ಟಿಕ್ ಕಾರ್ಡಿನಿಂದ ಅಂಚಿನುದ್ದಕ್ಕೂ ಮೀಟಬೇಕು, ಚಾಕು ಬಳಸಬಾರದು. ಬ್ಯಾಟರಿ ಒಳಗೇ ಇರುವ ಯಂತ್ರವಾದರೆ ಮುಚ್ಚಳ ತೆರೆದ ಕೂಡಲೇ ಬೋರ್ಡಿಗೆ ಸೇರಿದ ಅದರ ಕನೆಕ್ಟರ್ ಬಿಡಿಸಿ ಮುಂದಿನ ಕೆಲಸಕ್ಕೆ ಕೈಹಾಕಬೇಕು. ಮೆಮೊರಿಯ ಪಟ್ಟಿ ಸುಮಾರು ಏಳು ಸೆಂಟಿಮೀಟರ್ ಉದ್ದ, ಎರಡು ಬದಿಯಲ್ಲಿ ಅದನ್ನು ಬೆಳ್ಳಿ ಬಣ್ಣದ ಎರಡು ಕೊಂಡಿ ಹಿಡಿದಿರುತ್ತವೆ. ಅವನ್ನು ಹೊರಗೆ ಸರಿಸಿದರೆ ಪಟ್ಟಿ ತಾನಾಗಿ ಓರೆಯಾಗಿ ಮೇಲೇಳುತ್ತದೆ. ಹೊಸದನ್ನು ಕಚ್ಚು ಹೊಂದಿಸಿ, ಅದೇ ಓರೆಯಲ್ಲಿ, ಚಿನ್ನದ ಬಣ್ಣದ ಅಂಚು ಬಹುತೇಕ ಕಾಣದಷ್ಟು ಒಳಕ್ಕೆ ದೂಡಿ ಕೆಳಗೆ ಒತ್ತಿದರೆ ಟಕ್ಕೆಂದು ಕೂರುತ್ತದೆ. ಜೋರು ಮಾಡಬೇಕೆನಿಸಿದರೆ ಅಲ್ಲೇ ನಿಲ್ಲಿಸಿ ಕಚ್ಚು ನೋಡಬೇಕು. ಮೊದಲ ಸಲ ಚಾಲೂ ಮಾಡಿದಾಗ ಪರದೆ ಸ್ವಲ್ಪ ಹೊತ್ತು ಕಪ್ಪಾಗಿಯೇ ಇರಬಹುದು, ಯಂತ್ರ ಹೊಸ ಮೆಮೊರಿಯನ್ನು ಪರೀಕ್ಷಿಸಿಕೊಳ್ಳುತ್ತಿರುತ್ತದೆ. ಆಮೇಲೆ ವಿಂಡೋಸಿನಲ್ಲೇ ಇರುವ ಮೆಮೊರಿ ಡಯಾಗ್ನಾಸ್ಟಿಕ್ ಒಮ್ಮೆ ನಡೆಸಿದರೆ ಪಟ್ಟಿ ದೋಷವಿಲ್ಲದ್ದೇ ಎಂದು ತಿಳಿಯುತ್ತದೆ.

ಇಂಥ ಸೂಕ್ಷ್ಮ ಕೆಲಸ ಹಳ್ಳಿಯ ಮನೆಯಲ್ಲಿ ಆಗುವಂಥದ್ದೇ ಎಂದು ಕೇಳುವವರಿದ್ದಾರೆ. ಈ ಸೀಮೆಯ ಇತಿಹಾಸವನ್ನೇ ಅವರ ಮುಂದಿಡುತ್ತೇನೆ. ಹರಿಹರದಲ್ಲಿ 1941ರಲ್ಲಿ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಶುರುವಾಯಿತು. ಅಲ್ಲಿ ತಯಾರಾದ ಎಂಟರ್‌ಪ್ರೈಸ್, ಟರ್ನ್‌ಮಾಸ್ಟರ್ ಹೆಸರಿನ ಲೇತುಗಳು ದೇಶದ ಉದ್ದಗಲಕ್ಕೂ ಹೋದವು. ಕಾರ್ಖಾನೆ ಈ ಶತಮಾನದ ಮೊದಲ ವರ್ಷಗಳಲ್ಲೇ ಬಾಗಿಲು ಹಾಕಿತು. ಲೇತುಗಳು ನಿಲ್ಲಲಿಲ್ಲ. ಇಂದಿಗೂ ಸಣ್ಣಪುಟ್ಟ ವರ್ಕ್‌ಶಾಪುಗಳಲ್ಲಿ ಅವು ತಿರುಗುತ್ತಿವೆ, ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೈ ಬದಲಾಗುತ್ತಿವೆ. ಮಾಡಿದ ಕಂಪನಿ ಇಲ್ಲವಾದರೂ ಯಂತ್ರ ಉಳಿದದ್ದು ಹೇಗೆ? ಅದರ ಪ್ರತಿಯೊಂದು ಭಾಗವನ್ನೂ ಬಿಚ್ಚಲು, ಅಳೆಯಲು, ಇನ್ನೊಂದನ್ನು ಮಾಡಿ ಕೂರಿಸಲು ಬರುತ್ತಿತ್ತು. ಸವೆದ ಗೇರು, ಹೋದ ಬೇರಿಂಗಿಗಾಗಿ ಇಡೀ ಲೇತನ್ನು ಯಾರೂ ಗುಜರಿಗೆ ಹಾಕಲಿಲ್ಲ. ಆ ಕಾರ್ಖಾನೆಯ ಸುತ್ತ ಬೆಳೆದ ಕೈಗಳು, ಹೊಳೆಯ ಪಕ್ಕದ ಪಂಪ್‌ಸೆಟ್ಟನ್ನು ರಾತ್ರೋರಾತ್ರಿ ಬಿಚ್ಚಿ ಜೋಡಿಸುವ ರೈತರ ಕೈಗಳು, ಹದಿನಾರು ತಿರುಪಿನ ಲ್ಯಾಪ್‌ಟಾಪಿಗೆ ಅಂಜಬೇಕಾದ ಕಾರಣವಿಲ್ಲ. ದಾವಣಗೆರೆಯಲ್ಲಿ 1951ರಿಂದ ಇರುವ ಬಿಡಿಟಿ ಎಂಜಿನಿಯರಿಂಗ್ ಕಾಲೇಜು, 1979ರಲ್ಲಿ ಶುರುವಾದ ಬಾಪೂಜಿ ಎಂಜಿನಿಯರಿಂಗ್ ಕಾಲೇಜು, ಜೊತೆಗೆ ಪಾಲಿಟೆಕ್ನಿಕ್ಕು, ಐಟಿಐಗಳು ಇರುವ ಜಿಲ್ಲೆ ನಮ್ಮದು. ಹಳ್ಳಿಗೊಬ್ಬರಾದರೂ ಈ ವಿದ್ಯೆ ಕಲಿತವರು ಸಿಗುತ್ತಾರೆ. ಕೈ ನಡುಗುವವರು ಅಂಥವರನ್ನು ಪಕ್ಕದಲ್ಲಿ ಕೂರಿಸಿಕೊಂಡು ಒಮ್ಮೆ ಮಾಡಿ ನೋಡಲಿ.

ಇನ್ನುಳಿದ ಆಕ್ಷೇಪಗಳಿಗೂ ಉತ್ತರ ಕೊಡಬೇಕು. ಯಂತ್ರ ತೆರೆದರೆ ವಾರಂಟಿ ಹೋಗುತ್ತದೆ ಎಂಬುದು ಒಂದು. ವಾರಂಟಿ ನಡೆಯುತ್ತಿರುವಾಗ ಕಾಗದ ಓದದೆ ತೆರೆಯಬಾರದು ಎಂಬುದನ್ನು ನಾನೂ ಒಪ್ಪುತ್ತೇನೆ. ಆದರೆ ನಾವು ಮಾತಾಡುತ್ತಿರುವುದು ವಾರಂಟಿ ಮುಗಿದು ವರ್ಷಗಳಾದ ಯಂತ್ರದ ಬಗ್ಗೆ. ಡೆಲ್, ಎಚ್‌ಪಿ, ಲೆನೊವೊ ಕಂಪನಿಗಳು ತಮ್ಮ ಬಹಳಷ್ಟು ಮಾದರಿಗಳಿಗೆ ದುರಸ್ತಿ ಕೈಪಿಡಿಯನ್ನು ಉಚಿತವಾಗಿಯೇ ಪ್ರಕಟಿಸುತ್ತವೆ, ಅದರಲ್ಲಿ ಮೆಮೊರಿ ಬದಲಿಸುವ ಕ್ರಮವನ್ನು ಚಿತ್ರಸಮೇತ ಕೊಟ್ಟಿರುತ್ತಾರೆ. ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಹಾರ್ಡ್ ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದರೆ ಸಾಕು, ಮೆಮೊರಿಗೆ ಯಾಕೆ ಖರ್ಚು ಎನ್ನುತ್ತಾರೆ. ತಿರುಗುವ ಡಿಸ್ಕ್ ಇರುವ ಯಂತ್ರಕ್ಕೆ ಎಸ್‌ಎಸ್‌ಡಿಯಿಂದ ಆಗುವ ಉಪಕಾರ ದೊಡ್ಡದು, ಕೈಯಲ್ಲಿ ಒಂದಕ್ಕೇ ದುಡ್ಡಿದ್ದರೆ ಅಂಥ ಯಂತ್ರಕ್ಕೆ ಮೊದಲು ಅದನ್ನೇ ಹಾಕಿಸಬೇಕು. ಆದರೂ ಎಸ್‌ಎಸ್‌ಡಿಯ ವೇಗ ಮೆಮೊರಿಯ ವೇಗದ ಸಾವಿರದಲ್ಲೊಂದು ಪಾಲಿನ ಹತ್ತಿರದ್ದು. ಮೆಮೊರಿ ಸಾಲದೆ ಉಕ್ಕಿದ ಮಾಹಿತಿ ಅಲ್ಲಿಗೆ ಹೋಗಿ ಬರುತ್ತಲೇ ಇದ್ದರೆ ಬರೆಯುವ ಹೊರೆಯೂ ಅದರ ಮೇಲೆಯೇ ಬೀಳುತ್ತದೆ, ಎಸ್‌ಎಸ್‌ಡಿಯ ಆಯುಷ್ಯ ಸವೆಯುವುದು ಬರೆಯುವುದರಿಂದಲೇ. ಎಸ್‌ಎಸ್‌ಡಿ ಹಾಕಿದ ಮೇಲೂ 4 ಜಿಬಿಯ ಕೊರತೆ ಕೊರತೆಯಾಗಿಯೇ ಉಳಿಯುತ್ತದೆ.

ಬೆಲೆಯ ಮಾತು ಬಂತು. 2025ರ ಕೊನೆಯ ತಿಂಗಳುಗಳಿಂದ ಮೆಮೊರಿಯ ಬೆಲೆ ವಿಪರೀತ ಏರಿದೆ. ಕೃತಕ ಬುದ್ಧಿಮತ್ತೆಯ ದೊಡ್ಡ ಡೇಟಾ ಸೆಂಟರುಗಳು ಚಿಪ್ಪುಗಳನ್ನು ಬಾಚಿಕೊಳ್ಳುತ್ತಿವೆ, ತಯಾರಕರು ಹೆಚ್ಚು ಲಾಭದ ಆ ಕಡೆಗೆ ತಿರುಗಿದ್ದಾರೆ. ಮನೆಬಳಕೆಯ ಗ್ರಾಹಕರಿಗೆ ಕ್ರೂಷಿಯಲ್ ಹೆಸರಿನಲ್ಲಿ ಮೆಮೊರಿ ಮಾರುತ್ತಿದ್ದ ಮೈಕ್ರಾನ್ ಕಂಪನಿ ಆ ವ್ಯಾಪಾರವನ್ನೇ ಬಿಡುವುದಾಗಿ 2025ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಇಷ್ಟು ದುಬಾರಿಯಾದ ಮೇಲೂ ಹಾಕಿಸಬೇಕೇ ಎಂದರೆ, ಹೊಸ ಲ್ಯಾಪ್‌ಟಾಪಿನ ಬೆಲೆಯಲ್ಲಿ ಅದೇ ಮೆಮೊರಿಯ ಬೆಲೆಯೂ ಸೇರಿದೆ ಎಂಬುದನ್ನು ಮರೆಯಬಾರದು. ಹೊಸದನ್ನು ಕೊಂಡರೆ ಮೆಮೊರಿಯ ಜೊತೆ ಪರದೆ, ಕೀಲಿಮಣೆ, ಬ್ಯಾಟರಿ ಎಲ್ಲಕ್ಕೂ ಇನ್ನೊಮ್ಮೆ ದುಡ್ಡು ಕೊಡುತ್ತೇವೆ. ಬ್ಯಾಟರಿಯ ಹಾಗೆ ಬಳಸಿದಷ್ಟೂ ಕುಗ್ಗುವ ಗುಣ ಮೆಮೊರಿಗೆ ಇಲ್ಲದ್ದರಿಂದ, ನಂಬಿಕಸ್ಥ ಅಂಗಡಿಯಲ್ಲಿ ಪರೀಕ್ಷೆ ಮಾಡಿ ಕೊಂಡ ಸೆಕೆಂಡ್ ಹ್ಯಾಂಡ್ ಪಟ್ಟಿಯೂ ವರ್ಷಗಟ್ಟಲೆ ನಡೆಯುತ್ತದೆ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ಇಂಥ ವ್ಯಾಪಾರ ಹಿಂದಿನಿಂದಲೂ ಇದೆ. ಇನ್ನೊಂದು ಪ್ರಶ್ನೆ ವಿಂಡೋಸ್ 10ರದು. 2025ರ ಅಕ್ಟೋಬರ್ 14ಕ್ಕೆ ಅದರ ಸಾಮಾನ್ಯ ಬೆಂಬಲ ಮುಗಿಯಿತು, ವಿಂಡೋಸ್ 11 ಹಳೆಯ ಎಷ್ಟೋ ಯಂತ್ರಗಳನ್ನು ಒಪ್ಪುವುದಿಲ್ಲ. ಹಾಗಾದರೆ ಮೆಮೊರಿಗೆ ಹಾಕಿದ ದುಡ್ಡು ನೀರಿಗೆ ಹಾಕಿದಂತೆಯೇ? ಇಲ್ಲ. ಲಿನಕ್ಸ್ ಮಿಂಟ್‌ನಂಥ ಉಚಿತ ಕಾರ್ಯವ್ಯವಸ್ಥೆಗೆ 4 ಜಿಬಿ ಇದ್ದರೆ ಸಲೀಸು, 8 ಜಿಬಿಯಲ್ಲಿ ಅದು ನಿರಾಳ. ಸುರಕ್ಷತೆಯ ತಿದ್ದುಪಡಿಗಳು ಬರುತ್ತಲೇ ಇರುತ್ತವೆ, ಯೂನಿಕೋಡ್ ಕನ್ನಡ ತೊಡಕಿಲ್ಲದೆ ಮೂಡುತ್ತದೆ, ಅರ್ಜಿ ತುಂಬಲು, ಪಾಠ ಕೇಳಲು, ಬರೆಯಲು ಅಷ್ಟು ಸಾಕು. ಕಂಪನಿಗಳೇ ಪ್ರಕಟಿಸುವ ಪರಿಸರ ವರದಿಗಳನ್ನು ನೋಡಿದರೆ ಲ್ಯಾಪ್‌ಟಾಪಿನ ಒಟ್ಟು ಇಂಗಾಲದ ಹೊರೆಯಲ್ಲಿ ದೊಡ್ಡ ಪಾಲು ತಯಾರಿಕೆಯದು, ನಾವು ಸುಡುವ ಕರೆಂಟಿನದು ಸಣ್ಣದು. ಆದ್ದರಿಂದ ಯಂತ್ರವನ್ನು ಇನ್ನೂ ನಾಲ್ಕು ವರ್ಷ ನಡೆಸುವುದು ಮನೆಯ ಲೆಕ್ಕಕ್ಕೂ ಒಳ್ಳೆಯದು, ನೆಲದ ಲೆಕ್ಕಕ್ಕೂ ಒಳ್ಳೆಯದು.

ಇನ್ನು ಬೆಸೆದ ಮೆಮೊರಿಯ ವಿಷಯ. ತೆಳ್ಳಗಿನ ಯಂತ್ರ ಬೇಕು, ಬ್ಯಾಟರಿ ಬಾಳಬೇಕು, ಅದಕ್ಕಾಗಿ ಚಿಪ್ಪುಗಳನ್ನು ಬೋರ್ಡಿಗೇ ಬೆಸೆಯುತ್ತೇವೆ ಎನ್ನುತ್ತಾರೆ ತಯಾರಕರು. ಇದರಲ್ಲಿ ಸತ್ಯಾಂಶವಿದೆ. ಪ್ರೊಸೆಸರಿನ ಹತ್ತಿರವೇ ಬೆಸೆದ ಕಡಿಮೆ ವೋಲ್ಟೇಜಿನ ಚಿಪ್ಪುಗಳು ವಿದ್ಯುತ್ ಉಳಿಸುತ್ತವೆ, ವೇಗವಾಗಿಯೂ ಓಡುತ್ತವೆ. ಆದರೆ ಈ ಅನುಕೂಲಕ್ಕೆ ಬೆಸುಗೆಯೊಂದೇ ದಾರಿ ಎಂಬ ಮಾತು ಈಗ ನಿಲ್ಲುವುದಿಲ್ಲ. ಅದೇ ಕಡಿಮೆ ವೋಲ್ಟೇಜಿನ ಚಿಪ್ಪುಗಳನ್ನು ತಿರುಪಿನಿಂದ ಕೂರಿಸಿ ತೆಗೆಯಬಹುದಾದ ಎಲ್‌ಪಿಕ್ಯಾಮ್2 ಎಂಬ ಪಟ್ಟಿಗೆ ಮಾನದಂಡ ಸಿದ್ಧವಾಗಿದೆ. 2024ರಲ್ಲಿ ಲೆನೊವೊ ತನ್ನ ಥಿಂಕ್‌ಪ್ಯಾಡ್ ಪಿ1 ಮಾದರಿಯಲ್ಲಿ ಅದನ್ನು ಬಳಸಿಯೂ ತೋರಿಸಿತು. 2021ರಿಂದ ಫ್ರೇಮ್‌ವರ್ಕ್ ಎಂಬ ಅಮೆರಿಕದ ಕಂಪನಿ ಮೆಮೊರಿ, ಬ್ಯಾಟರಿ, ಪರದೆ ಎಲ್ಲವನ್ನೂ ಗ್ರಾಹಕರೇ ಬದಲಿಸಬಹುದಾದ ತೆಳ್ಳನೆಯ ಲ್ಯಾಪ್‌ಟಾಪ್ ಮಾರುತ್ತಿದೆ. ನಮ್ಮ ದೇಶದಲ್ಲೂ ಚಿಂತನೆ ಶುರುವಾಗಿದೆ. ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಮೊದಲ ಹಂತಕ್ಕೆ ಕೃಷಿ ಉಪಕರಣ, ಮೊಬೈಲ್ ಮತ್ತು ಟ್ಯಾಬ್ಲೆಟ್, ಗೃಹೋಪಯೋಗಿ ವಸ್ತು, ವಾಹನ ಈ ನಾಲ್ಕು ವಲಯಗಳನ್ನು ಆರಿಸಿತು. ಅದೇ ವರ್ಷದ ಡಿಸೆಂಬರ್ 24ರ ಗ್ರಾಹಕ ದಿನದಂದು ಅದರ ಪೋರ್ಟಲ್ ಕೂಡ ಬಂತು. 2023ರ ಏಪ್ರಿಲ್ 1ರಿಂದ ಹೊಸ ಇ-ತ್ಯಾಜ್ಯ ನಿಯಮಗಳೂ ಜಾರಿಯಲ್ಲಿವೆ. ಆದರೆ ಕಸವಾದ ಮೇಲೆ ವಿಲೇವಾರಿ ಮಾಡುವುದಕ್ಕಿಂತ ಕಸವಾಗದಂತೆ ತಡೆಯುವುದು ಮೇಲು. ದುರಸ್ತಿಯ ಹಕ್ಕಿನ ಪ್ರಯೋಜನ ಲ್ಯಾಪ್‌ಟಾಪಿಗೂ ಬೇಗ ಸಿಗಬೇಕು.

ಇದರಲ್ಲಿ ರಾಜ್ಯ ಸರ್ಕಾರ ಮಾಡಬಹುದಾದ ಒಂದು ಕೆಲಸ ತೀರ ಸರಳ. ಸರ್ಕಾರಿ ಪದವಿ ಕಾಲೇಜಿನ ವಿದ್ಯಾರ್ಥಿಗಳಿಗೆ ಕರ್ನಾಟಕ ಸರ್ಕಾರ ಹಿಂದೆ ಲ್ಯಾಪ್‌ಟಾಪ್ ಕೊಟ್ಟಿದೆ, ಮುಂದೆಯೂ ಬೇರೆ ಬೇರೆ ಯೋಜನೆಗಳಲ್ಲಿ ಕೊಂಡೀತು. ಆ ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಲಿ: ಮೆಮೊರಿಗೆ ಕನಿಷ್ಠ ಒಂದು ಸ್ಲಾಟ್ ಖಾಲಿ ಇರಬೇಕು, ಕೆಳಮುಚ್ಚಳ ಸಾಧಾರಣ ಸ್ಕ್ರೂಡ್ರೈವರಿಗೆ ಬಿಚ್ಚಬೇಕು, ದುರಸ್ತಿ ಕೈಪಿಡಿ ಕನ್ನಡದಲ್ಲಿ ಜೊತೆಗೆ ಬರಬೇಕು. ಸಾವಿರಗಟ್ಟಲೆ ಯಂತ್ರ ಕೊಳ್ಳುವ ಸರ್ಕಾರ ಕೇಳಿದರೆ ಕಂಪನಿಗಳು ಒಲ್ಲೆ ಎನ್ನುವುದಿಲ್ಲ. ನಮ್ಮ ಪಾಲಿನ ಕೆಲಸವೂ ಇದೆ. ಅಂಗಡಿಯಲ್ಲಿ ಪರದೆಯ ಅಳತೆ, ಬಣ್ಣ, ಕಂತಿನ ಲೆಕ್ಕ ಕೇಳುವ ನಾವು, ಮೆಮೊರಿ ಹೆಚ್ಚಿಸಲು ಬರುತ್ತದೆಯೇ, ಎಷ್ಟರವರೆಗೆ ಬರುತ್ತದೆ ಎಂದೂ ಕೇಳಬೇಕು, ಬರುವುದಿಲ್ಲ ಎಂದರೆ ಬೇರೆ ಮಾದರಿ ತೋರಿಸಿ ಎನ್ನಬೇಕು. ಹಾಗೆ ಕೇಳುವ ಗಿರಾಕಿಗಳು ಹೆಚ್ಚಿದಷ್ಟೂ ಅಂಥ ಯಂತ್ರಗಳು ನಮ್ಮ ಪೇಟೆಗೆ ಬರುತ್ತವೆ. ಪಾಲಿಟೆಕ್ನಿಕ್ಕು, ಐಟಿಐಗಳು ವರ್ಷಕ್ಕೊಮ್ಮೆ ಮಲೇಬೆನ್ನೂರಿನಲ್ಲೋ ನಂದಿಗುಡಿಯಲ್ಲೋ ದುರಸ್ತಿ ಶಿಬಿರ ನಡೆಸಿದರೆ ಸುತ್ತಲಿನ ಮಕ್ಕಳು ತಮ್ಮ ಯಂತ್ರವನ್ನು ತಾವೇ ತೆರೆದು ನೋಡಲು ಕಲಿಯುತ್ತಾರೆ. ಮನೆಯಲ್ಲಿ ಮೂಲೆಗುಂಪಾದ ಲ್ಯಾಪ್‌ಟಾಪ್ ಇದ್ದವರು ಈ ವಾರವೇ ಟಾಸ್ಕ್ ಮ್ಯಾನೇಜರ್ ತೆರೆದು ಮೆಮೊರಿ ಎಷ್ಟಿದೆ, ಸ್ಲಾಟ್ ಎಷ್ಟಿವೆ ಎಂದು ಬರೆದಿಟ್ಟುಕೊಳ್ಳಿ. ಕೊಳ್ಳುವುದೋ ಹಾಕಿಸುವುದೋ ಎಂಬ ತೀರ್ಮಾನ ಆ ಲೆಕ್ಕ ನೋಡಿದ ಮೇಲೆ ಆಗಲಿ.